ಕೆರುಗೋಯಾಕ್ಕೆ ಸೈಕಲ್ ತುಳಿದ ವಂಜೀರ

ವಂಜೀರ ನನ್ನ ಅಂಗಡಿಗೆ ಬಂದು ಸೈಕಲ್ ಕಲಿಸು ಅಂದಾಗ ಅವಳಿಗೆ ಐವತ್ಮೂರು ವರ್ಷ. ನಾನು ಪಂಕ್ಚರ್ ಹಾಕುತ್ತಿದ್ದೆ. ತಲೆ ಎತ್ತದೆ, "ಯಾರಿಗೆ?" ಅಂದೆ.

"ನನಗೇ ಕಣಯ್ಯ. ಕತ್ತೆಗಾದ್ರೆ ನಾನೇ ಕಲಿಸ್ತಿರಲಿಲ್ವಾ?"

ಮ್ವೇಯಾ ಪೇಟೆಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಸೈಕಲ್ ರಿಪೇರಿ ಮಾಡುತ್ತಿದ್ದೇನೆ. ಕಸುಬಿನವನನ್ನು ಇಲ್ಲಿ ಫುಂಡಿ ಅನ್ನುತ್ತಾರೆ. ನನ್ನ ಸ್ವಂತ ಹೆಸರು ಹೆಂಡತಿಗೂ ಮರೆತಿರಬೇಕು. ಇಷ್ಟು ವರ್ಷದಲ್ಲಿ ಐವತ್ತು ದಾಟಿದ ಹೆಂಗಸು ಸೈಕಲ್ ಕಲಿಯಲು ಬಂದದ್ದು ಅದೇ ಮೊದಲು.

ವಂಜೀರಾಳನ್ನು ಅರಿಯದವರು ಪೇಟೆಯಲ್ಲಿ ಯಾರೂ ಇಲ್ಲ. ಕಾಲುವೆಯ ನೀರನ್ನು ಹಳದಿ ಕ್ಯಾನುಗಳಿಗೆ ತುಂಬಿ, ಕತ್ತೆಗಾಡಿಯಲ್ಲಿ ಹೇರಿಕೊಂಡು, ಹೋಟೆಲುಗಳಿಗೂ ಮನೆಗಳಿಗೂ ಹಾಕುವುದು ಅವಳ ಕೆಲಸ. ಮೂರನೆಯ ಮಗಳು ಹುಟ್ಟಿದ ವರ್ಷವೇ ಗಂಡ ತೀರಿಕೊಂಡ. ಮೂವರನ್ನೂ ಓದಿಸಿ ದಡ ಮುಟ್ಟಿಸಿದ್ದು ಆ ಗಾಡಿ. ಮಾತು ಮಾತ್ರ ಬಲು ಜೋರು. ನೀರು ಕಡಿಮೆ ಬಂತು ಅಂದವರಿಗೆ, "ಮೊದಲು ನಿನ್ನ ಡ್ರಮ್ಮಿನ ತೂತು ನೋಡ್ಕೋ" ಅಂತ ನಡುಬೀದಿಯಲ್ಲೇ ಹೇಳಿಬಿಡುತ್ತಿದ್ದಳು.

ಅವಳ ಕತ್ತೆಯ ಹೆಸರು ನ್ಯಾಕೇರು, ಅಂದರೆ ಬಿಳಿಯವಳು. ಸೈಕಲ್ಲಿನ ಹುಚ್ಚು ಹತ್ತುವುದಕ್ಕೆ ಎರಡು ವರ್ಷ ಮೊದಲು, ದೊಡ್ಡ ಮಳೆಗಾಲದಲ್ಲಿ, ಆ ನ್ಯಾಕೇರು ಮಲಗಿಬಿಟ್ಟಿತು. ಗಾಡಿ ಎಳೆಯುವ ಚರ್ಮದ ಪಟ್ಟಿ ಹರಿದಿದೆಯೆಂದು ವಂಜೀರ ನೈಲಾನ್ ಹಗ್ಗ ಬಿಗಿದಿದ್ದಳು. ಹಗ್ಗ ತೇವಕ್ಕೆ ಎದೆಯ ಕೆಳಗೆ ಕೊರೆದು ಕೊರೆದು ಗಾಯವಾಯಿತು. ಗಾಡಿಯವರೆಲ್ಲ ಮಾಡುವಂತೆ ಇವಳೂ ಅದಕ್ಕೆ ಇಂಜಿನ್ನಿನ ಹಳೆ ಎಣ್ಣೆ ಬಳಿದಳು. ಹುಳು ಬಿತ್ತು. ನೆರೆಯವರು, "ಸಾಯೋದಕ್ಕೆ ಮುಂಚೆ ಚರ್ಮಕ್ಕೆಂದು ಕತ್ತೆ ಕೊಳ್ಳೋ ಲಾರಿಯವನಿಗೆ ಕೊಟ್ಟುಬಿಡು" ಅಂದರು. ಲಾರಿಯವನು ಬಂದು, ನೋಡಿ, ಬೆಲೆ ಹೇಳಿದ. ಇವಳು ಬೆಳಿಗ್ಗೆ ಬಾ ಅಂದಳು.

ಅದೇ ಮಧ್ಯಾಹ್ನ ಪಕ್ಕದ ಮನೆಯ ಹಸು ನೋಡಲು ಮ್ವಾನಿಕಿ ಬಂದ. ಕತ್ತೆ, ಹಸು, ನಾಯಿಗಳ ಆರೈಕೆಗೆಂದು ಬೆಟ್ಟದ ಬದಿಯ ಕೆರುಗೋಯಾ ಊರಲ್ಲಿ ನಾಲ್ಕಾರು ಜನ ಸೇರಿ ನಡೆಸುವ ಸಣ್ಣ ಸಂಘವೊಂದಿದೆ. ಅದರ ವೈದ್ಯ ಅವನು. ಉದ್ದನೆಯ ಕಡ್ಡಿಯಂಥ ಆಸಾಮಿ. ಮೋಟಾರ್‌ಸೈಕಲ್ಲಿನ ಮೇಲೆ ಕೂತರೆ ಮಂಡಿ ಕಿವಿಗೆ ತಾಗುತ್ತದೆ. ಬೇಲಿಯಾಚೆ ಮಲಗಿದ್ದ ನ್ಯಾಕೇರುವನ್ನು ನೋಡಿ, ಕೇಳದೆಯೇ ಒಳಗೆ ಬಂದ.

"ಈ ಹಗ್ಗ ಕಟ್ಟಿದ್ದು ಯಾರು?"

"ನಾನೇ."

"ಹಾಗಾದ್ರೆ ಈ ಗಾಯ ಮಾಡಿದ್ದೂ ನೀನೇ, ಅವ್ವ."

ಯಾರಿಗೂ ಸೊಪ್ಪು ಹಾಕದ ವಂಜೀರ ಬಗ್ಗಿ ಹಗ್ಗ ಬಿಚ್ಚಿದಳಂತೆ. "ಬಾಯಿ ತುಂಬ ಬೈಗುಳ ಇತ್ತು ಫುಂಡಿ. ಆದ್ರೆ ಅವನು ಹೇಳಿದ್ದು ನಿಜ ಆಗಿತ್ತು, ಏನ್ಮಾಡ್ಲಿ?" ಎಂದು ಆಮೇಲೆ ನನ್ನ ಹತ್ತಿರ ಹೇಳಿದಳು. ಮ್ವಾನಿಕಿ ಕೆಸರಲ್ಲಿ ಮಂಡಿಯೂರಿ ಕೂತು ಒಂದೊಂದೇ ಹುಳು ತೆಗೆದ, ಉಪ್ಪುನೀರಲ್ಲಿ ತೊಳೆದ, ಔಷಧಿ ತುಂಬಿದ. ಹೊತ್ತು ಮುಳುಗುವ ತನಕ ಅವನು ಎದ್ದೇಳಲಿಲ್ಲ. ಮರುದಿನ ಲಾರಿಯವನು ಬಂದಾಗ ವಂಜೀರ ಬಾಗಿಲಲ್ಲೇ ತಡೆದು, "ಕತ್ತೆ ಕೊಡಲ್ಲ. ನಿನ್ನ ಚರ್ಮಕ್ಕೆ ಎಷ್ಟು, ಅದು ಹೇಳು" ಅಂದು ಕಳಿಸಿದಳು.

ಮ್ವಾನಿಕಿ ಹನ್ನೊಂದು ದಿನ ಬಿಡದೆ ಬಂದ. ದುಡ್ಡು ಮುಟ್ಟಲಿಲ್ಲ, ಮುಟ್ಟಿದ್ದು ನಾಲ್ಕು ಚಮಚ ಸಕ್ಕರೆಯ ಚಹಾ ಮಾತ್ರ. ಕೊನೆಯ ದಿನ ಅವಳ ಹಳೆ ಕಂಬಳಿ ಕತ್ತರಿಸಿ, ಮಡಿಸಿ, ಪಟ್ಟಿಯ ಕೆಳಗೆ ಹಾಕುವ ಮೆತ್ತೆ ಹೊಲಿಯುವುದನ್ನು ತೋರಿಸಿಕೊಟ್ಟ. ನ್ಯಾಕೇರು ಎದ್ದು ನಿಂತಿತು. ಎರಡು ತಿಂಗಳಿಗೆ ಗಾಡಿಗೂ ಬಂತು.

ಹೋದ ವರ್ಷ ಆ ಸಂಘದ ಔಷಧಿ ಕಪಾಟು ಬರಿದಾಯಿತು, ಮ್ವಾನಿಕಿಯ ಮೋಟಾರ್‌ಸೈಕಲ್ಲೂ ಕೆಟ್ಟು ನಿಂತಿತು. ನಮ್ಮ ಚರ್ಚಿನ ಹೆಂಗಸರು ಮತ್ತು ಸೈಕಲ್ ಟ್ಯಾಕ್ಸಿಯವರು ಸೇರಿ ಒಂದು ಉಪಾಯ ಮಾಡಿದರು. ಭತ್ತದ ಕೊಯ್ಲು ಮುಗಿದ ಮೇಲೆ, ಜನವರಿಯಲ್ಲಿ, ಮ್ವೇಯಾದಿಂದ ಕೆರುಗೋಯಾದ ತನಕ ಸೈಕಲ್ ಸವಾರಿ. ಹೊರಡುವವರು ತಮ್ಮ ತಮ್ಮ ಪರಿಚಯದವರಿಂದ ಮಾತು ತೆಗೆದುಕೊಳ್ಳಬೇಕು: ನಾನು ಮುಟ್ಟಿದರೆ ನೀನು ಸಂಘಕ್ಕೆ ಇಷ್ಟು ಕೊಡು ಎಂದು. ಭಾನುವಾರ ಪಾದ್ರಿ ಇದನ್ನು ಹೇಳಿ ಮುಗಿಸುವುದರೊಳಗೆ ವಂಜೀರ ಕೈ ಎತ್ತಿದ್ದಳು.

"ಅಡುಗೆಗಾ, ಅವ್ವ?" ಅಂದರು ಪಾದ್ರಿ.

"ಸೈಕಲ್ಲಿಗೆ."

ಚರ್ಚು ಬಿದ್ದು ಬಿದ್ದು ನಕ್ಕಿತು. ಅದರ ಮರುದಿನವೇ ಅವಳು ನನ್ನ ಅಂಗಡಿಗೆ ಬಂದದ್ದು.

ಕಾಲುವೆಯ ಏರಿಯ ಮೇಲೆ ಕಲಿಕೆ ಶುರುವಾಯಿತು. ನನ್ನ ಕರಿ ಸೈಕಲ್ಲು ಎಮ್ಮೆಯಷ್ಟು ಭಾರ. ವಂಜೀರ ಬಲಕ್ಕೆ ಬಿದ್ದರೆ ಕಾಲುವೆ, ಎಡಕ್ಕೆ ಬಿದ್ದರೆ ಭತ್ತದ ಗದ್ದೆ. ಅವಳು ಹೆಚ್ಚಾಗಿ ಗದ್ದೆಯನ್ನೇ ಆರಿಸಿಕೊಂಡಳು. ಎದ್ದಾಗ ಮೈಯೆಲ್ಲ ಕೆಸರು, ಸುತ್ತ ಹಾರಿಹೋಗುವ ಬೆಳ್ಳಕ್ಕಿ. "ಬ್ರೇಕ್ ಹಿಡಿ!" ಎಂದು ನಾನು ಕೂಗಿದರೆ ಅವಳು ಸೈಕಲ್ಲಿಗೆ "ಹೋ, ಹೋ" ಅನ್ನುತ್ತಿದ್ದಳು, ಕತ್ತೆಗೆ ಅಂದ ಹಾಗೆ. ನಾಲ್ಕನೆಯ ವಾರದಲ್ಲಿ ಒಂದು ದಿನ, ನಾನು ಹಿಂದಿನಿಂದ ಕೈ ಬಿಟ್ಟದ್ದು ಅವಳಿಗೆ ತಿಳಿಯಲಿಲ್ಲ. ತೂಬಿನ ತನಕ ಒಬ್ಬಳೇ ಹೋಗಿ, ಅಲ್ಲಿ ಇಳಿಯಲು ಬಾರದೆ ಕಂಬ ತಬ್ಬಿಕೊಂಡು ನಿಂತಳು. ಸೈಕಲ್ಲು ಬಿತ್ತು. ಅವಳು ಬೀಳಲಿಲ್ಲ.

ಅಕ್ಕಿ ವ್ಯಾಪಾರಿ ಗಿಚೋಬಿ ದಿನಾ ಗೋದಾಮಿನ ಮುಂದೆ ಕುರ್ಚಿ ಹಾಕಿಕೊಂಡು ಈ ನಾಟಕ ನೋಡುತ್ತಿದ್ದ. ಒಂದು ದಿನ ಕೂಗಿ ಹೇಳಿದ:

"ಏ ವಂಜೀರ! ನೀನು ಕೆರುಗೋಯಾ ಮುಟ್ಟಿದರೆ ಹತ್ತು ಮೂಟೆ ಪಿಶೋರಿ ಅಕ್ಕಿ ನನ್ನದು. ತುಳಿದುಕೊಂಡೇ ಹೋಗ್ಬೇಕು ಮತ್ತೆ! ತಳ್ಳಿಕೊಂಡು ಹೋದಷ್ಟು ದೂರಕ್ಕೆ ಲೆಕ್ಕ ಮುರೀತೀನಿ."

"ಮೂಟೆ ಹೊಲಿದಿಡು," ಅಂದಳು ಅವಳು ಗದ್ದೆಯೊಳಗಿಂದ.

ಗಿಚೋಬಿ ಅಂದನೆಂದು ಮಾರುಕಟ್ಟೆಯ ಹೆಂಗಸರೂ ಅಂದರು, ಹೋಟೆಲಿನವರೂ ಅಂದರು. ಅವಳು ದಾರಿ ನಡುವಿನ ಕುಟುಸ್ ಊರನ್ನೂ ದಾಟುವುದಿಲ್ಲ ಎಂಬ ಧೈರ್ಯದಲ್ಲಿ ಎಲ್ಲರೂ ಧಾರಾಳವಾಗಿ ಮಾತು ಕೊಟ್ಟರು.

ಜನವರಿಯ ಆ ಶನಿವಾರ ಬೆಳಿಗ್ಗೆ ಮೋಡವಿರಲಿಲ್ಲ. ಕೆರುಗೋಯಾದಾಚೆಯ ದೊಡ್ಡ ಬೆಟ್ಟ ತನ್ನ ನೆತ್ತಿಯ ಹಿಮದೊಂದಿಗೆ ಎದುರಿಗೇ ನಿಂತಿತ್ತು. ಅರವತ್ತಕ್ಕೂ ಹೆಚ್ಚು ಸೈಕಲ್ಲು: ಹಾಲಿನವರು, ಟ್ಯಾಕ್ಸಿಯವರು, ಇಬ್ಬರು ಮೇಷ್ಟರು, ಕ್ಯಾನ್ವಾಸ್ ಶೂ ತೊಟ್ಟ ಒಬ್ಬಳು ಸಿಸ್ಟರ್. ಸಲಕರಣೆ ಚೀಲ ಹೊತ್ತು ಎಲ್ಲರಿಗಿಂತ ಕೊನೆಗೆ ಬರುವುದು ನನ್ನ ಪಾಲಿನ ಕೆಲಸ. ಹಾಗಾಗಿ ದಾರಿಯುದ್ದಕ್ಕೂ ನನ್ನ ಕಣ್ಣ ಮುಂದಿದ್ದದ್ದು ವಂಜೀರಾಳ ಬೆನ್ನು.

ಕಿಂಬಿಂಬಿ ಊರಿನ ತನಕ ನೆಲ ಸಮ. ಅವಳು ದಾರಿಯಲ್ಲಿ ಕಂಡ ಕತ್ತೆಗಾಡಿಯವರನ್ನೆಲ್ಲ ಮಾತಾಡಿಸಿಕೊಂಡೇ ತುಳಿದಳು. ಕುಟುಸ್‌ನಲ್ಲಿ ಚಹಾ ಕುಡಿದೆವು. ಇಳಿದರೆ ಮತ್ತೆ ಹತ್ತಲಾರೆನೆಂದು ಅವಳು ಗೋಡೆಗೆ ಒರಗಿ, ಸೀಟಿನ ಮೇಲಿಂದಲೇ ಎಣ್ಣೆಯಲ್ಲಿ ಕರಿದ ಎರಡು ಮಂದಾಜಿ ತಿಂದಳು.

ಅಲ್ಲಿಂದ ಮುಂದೆ ಏರು. ಕಾಫಿ ಕಾರ್ಖಾನೆಯ ಗೇಟಿನ ಹತ್ತಿರ ಅವಳ ಸೈಕಲ್ಲು ಅಲುಗಾಡಿತು, ನಿಂತಿತು. ಕಾಲು ನೆಲಕ್ಕೆ ಬಂತು. ಉಸಿರು ತಿದಿಯ ಹಾಗೆ ಬರುತ್ತಿತ್ತು. ಮುಂದಿನವರು ಆಗಲೇ ತಿರುವಿನಾಚೆ ಮರೆಯಾಗಿದ್ದರು.

"ಫುಂಡಿ, ಯಾರೂ ನೋಡ್ತಿಲ್ಲ ತಾನೆ?"

"ಯಾರೂ ಇಲ್ಲ. ನಾನಂತೂ ಬಾಯಿ ಬಿಡಲ್ಲ, ನಡಿ."

"ಥೂ ನಿನ್ನ! ಅದಕ್ಕಲ್ಲ. ಲಂಗ ಎತ್ತಿ ಕಟ್ಟಿಕೋಬೇಕು, ಆ ಕಡೆ ತಿರುಗು."

ತಿರುಗಿದೆ. ಅವಳು ಲಂಗ ಕಟ್ಟಿಕೊಂಡು ಸೈಕಲ್ ತಳ್ಳತೊಡಗಿದಳು. ನಾನೂ ಇಳಿದು ಜೊತೆಗೆ ನಡೆದೆ. ದಾರಿಯಲ್ಲಿ ಅವಳು ಮ್ವಾನಿಕಿಗೆ ಏನು ಹೇಳಬೇಕೆಂದು ಅಭ್ಯಾಸ ಮಾಡಿದಳು. ಸಣ್ಣ ಭಾಷಣವೇ ಆಗಿತ್ತು. ಎರಡು ಕಡೆ ದೇವರ ವಾಕ್ಯವೂ ಇತ್ತು. ನೀಲಿ ಮಾಡಿನ ಚರ್ಚು ಬಂದಾಗ ಏರು ಸ್ವಲ್ಪ ತಗ್ಗಿತು. ಅಲ್ಲಿ ಒಂದು ಕಲ್ಲಿನ ಮೇಲೆ ಕಾಲಿಟ್ಟು ಮತ್ತೆ ಹತ್ತಿದಳು.

ಕೆರುಗೋಯಾದ ಮೈದಾನ ಮುಟ್ಟಿದಾಗ ಹಾಡು ಮುಗಿದು ಊಟ ನಡೆಯುತ್ತಿತ್ತು. ಅವಳನ್ನು ಕಂಡದ್ದೇ ಜನ ತಟ್ಟೆ ಬಿಟ್ಟು ಎದ್ದರು. ಹೆಂಗಸರು ನಾಲಿಗೆ ಹೊರಳಿಸಿ ಕೇಕೆ ಹಾಕಿದರು. ಸೈಕಲ್ಲು ನಿಲ್ಲುವ ಲಕ್ಷಣ ಕಾಣದೆ ಮ್ವಾನಿಕಿ ಓಡಿಬಂದು ಹ್ಯಾಂಡಲ್ ಹಿಡಿದ. ವಂಜೀರ ಅವನ ಮುಖವನ್ನೇ ನೋಡಿ, ಬಾಯಿ ತೆರೆದು, "ನೀರು ಕೊಡು" ಅಂದಳು. ಭಾಷಣ ಅಷ್ಟೇ.

ಗಿಚೋಬಿ ಕಾರಿನಲ್ಲಿ ಮೊದಲೇ ಬಂದು ಕೂತಿದ್ದ. ಅವನ ಮುಂದೆ ಹೋಗಿ ನಿಂತು ಅವಳೇ ಹೇಳಿದಳು: "ಕಾಫಿ ಕಾರ್ಖಾನೆಯಿಂದ ನೀಲಿ ಚರ್ಚಿನ ತನಕ ತಳ್ಳಿಕೊಂಡು ಬಂದೆ."

ಸುತ್ತ ನಿಂತವರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಗಿಚೋಬಿ ಟೋಪಿ ಕೆರೆದುಕೊಂಡು ಯೋಚಿಸಿದ. "ಮಾತು ಮಾತೇ. ಎರಡು ಮೂಟೆ ಮುರೀತೀನಿ. ಎಂಟು."

ಹೆಂಗಸರು ಛೀ ಅಂದರು. ಪಾದ್ರಿಯೂ ಏನೋ ಹೇಳಹೊರಟರು. ವಂಜೀರ ಅವರನ್ನು ತಡೆದಳು. "ಸರಿಯಾಗೇ ಹೇಳಿದಾನೆ, ಬಿಡಿ. ಗಿಚೋಬಿ, ನಿನಗೆ ದೇವರು ಒಳ್ಳೇದು ಮಾಡ್ಲಿ. ಎಂಟು ಮೂಟೆಗೂ ಸರಿ, ದಿನಾ ಕೂತು ನಕ್ಕಿದ್ದಕ್ಕೂ ಸರಿ. ನೀನು ನಗದೆ ಇದ್ದಿದ್ರೆ ನಾನು ಎರಡನೇ ಸಲ ಬಿದ್ದಾಗಲೇ ಮನೆಗೆ ಹೋಗ್ತಿದ್ದೆ."

ಅದು ಚುಚ್ಚುಮಾತಿರಬೇಕೆಂದು ಗಿಚೋಬಿ ಅವಳ ಮುಖ ನೋಡಿದ. ಅದರಲ್ಲಿ ಚುಚ್ಚು ಇರಲಿಲ್ಲ. ಅವನು ಎದ್ದು ತನ್ನ ಕುರ್ಚಿ ಅವಳಿಗೆ ಕೊಟ್ಟ.

ಸಂಜೆ ಲಾರಿಗೆ ಸೈಕಲ್ಲುಗಳನ್ನು ಏರಿಸುತ್ತಿದ್ದಾಗ ವಂಜೀರ ಮ್ವಾನಿಕಿಯನ್ನು ಬದಿಗೆ ಕರೆದಳು. ಭಾಷಣ ಅವಳಿಗೆ ಮರೆತೇ ಹೋಗಿತ್ತು.

"ಅವತ್ತು ನೀನು ಔಷಧಿ ಹಾಕಿದ್ದಕ್ಕೆ ಎಲ್ಲರೂ ನಿನ್ನ ಹೊಗಳ್ತಾರೆ," ಅಂದಳು. "ನಾನು ನೆನೆಯೋದು ನೀನು ಬೈದದ್ದನ್ನ. ಇಪ್ಪತ್ತು ವರ್ಷ ಕತ್ತೆ ಕಟ್ಟಿದ್ದೆ, ಒಬ್ಬರೂ ಹೇಳಿರಲಿಲ್ಲ ನನಗೆ."

ಮ್ವಾನಿಕಿ ಅವಳ ಎರಡೂ ಕೈ ಹಿಡಿದುಕೊಂಡು ನಿಂತ. ಲಾರಿಯವನು ಹಾರ್ನ್ ಹೊಡೆದ.

ಸಂಘದ ಕಪಾಟು ತುಂಬಿತು, ಮೋಟಾರ್‌ಸೈಕಲ್ಲು ಓಡಿತು. ಈಗ ಗುರುವಾರ ಗುರುವಾರ ಮ್ವಾನಿಕಿ ನಮ್ಮ ತೂಬಿನ ಹತ್ತಿರದ ಅತ್ತಿಮರದ ಕೆಳಗೆ ಬಂದು ಕೂರುತ್ತಾನೆ. ಗಾಡಿಯವರು ತಮ್ಮ ಪ್ರಾಣಿಗಳನ್ನು ಹೊಡೆದುಕೊಂಡು ಬರುತ್ತಾರೆ. ಅವನು ನೋಡುವಾಗ ತಲೆ ಹಿಡಿದು ನಿಲ್ಲುವವಳು ವಂಜೀರ; ಯಾವ ಪುಂಡ ಕತ್ತೆಯಾದರೂ ಅವಳ ಕಂಕುಳಲ್ಲಿ ಮೂತಿ ಇಟ್ಟು ಸುಮ್ಮನಾಗುತ್ತದೆ. ಅಂದು ಹೋಟೆಲುಗಳಿಗೆ ನೀರು ತಡವಾಗುತ್ತದೆ, ಯಾರೂ ಏನೂ ಅನ್ನುವುದಿಲ್ಲ.

ಹೋದ ಗುರುವಾರ ಹದಿನೇಳು ಕತ್ತೆ ಬಂದಿದ್ದವು. ಒಂದರ ಮೈಮೇಲೂ ಹಸಿಗಾಯವಿರಲಿಲ್ಲ. ಮ್ವಾನಿಕಿ ಗೊರಸು ಕೆತ್ತಿ, ಹಲ್ಲು ನೋಡಿ, ಮಧ್ಯಾಹ್ನದೊಳಗೇ ಕೆಲಸ ಮುಗಿಸಿದ. ಮಾಡಲು ಬೇರೇನೂ ಇರಲಿಲ್ಲವಾದ್ದರಿಂದ ನಾವು ಮೂವರೂ ಮರದ ಕೆಳಗೆ ಕೂತು, ಮೆಕ್ಕೆಜೋಳ ಬೀನ್ಸು ಬೇಯಿಸಿದ ಗಿಥೇರಿಯನ್ನು ಒಂದೇ ಪಾತ್ರೆಯಿಂದ ತಿಂದೆವು.