ನಾಳೆ ಕೊಡ್ತೀನಿ ಎಂದ ಫೋಟೋ

ನನ್ನ ಗಂಡ ಮೂವತ್ತು ವರ್ಷ ಪತ್ರಿಕೆಗೆ ಕೊಲೆಗಳ ಸುದ್ದಿಯನ್ನೇ ಬರೆದರು. ನೆಲದ ರಕ್ತ ಆರುವ ಮೊದಲೇ ಸತ್ತವರ ಮನೆಗೆ ನುಗ್ಗಿ, "ಫೋಟೋ ಕೊಡಿ, ನಾಳೆನೇ ವಾಪಸ್ ಕೊಡ್ತೀನಿ" ಎಂದು ಇಸಿದುಕೊಂಡು ಬರುತ್ತಿದ್ದರು. ಆ ನಾಳೆ ಬರಲೇ ಇಲ್ಲ. ನಿವೃತ್ತಿಯ ದಿನ ಅವರ ಮೇಜಿನ ಡ್ರಾಯರಿನಲ್ಲಿ ಅಂಥ ನಲವತ್ತು ಮುಖಗಳಿದ್ದವು.

"ಎಲ್ಲಾ ಕೊಟ್ಟು ಬನ್ನಿ, ಇಲ್ಲಾಂದ್ರೆ ಮನೆಗೆ ಕಾಲಿಡಬೇಡಿ" ಎಂದೆ. ಜೊತೆಗೆ ನಾನೂ ಹೋದೆ.

ಮೊದಲ ಮನೆ, ಹದಿನೆಂಟು ವರ್ಷದ ಹಿಂದೆ ಹನ್ನೊಂದು ಮಚ್ಚಿನೇಟು ತಿಂದು ಸತ್ತವನದು. ಅವನ ತಾಯಿ ಬಾಗಿಲು ತೆರೆದಳು. ಫೋಟೋ ನೋಡಿದವಳೇ ಕೈಲಿದ್ದ ಲಟ್ಟಣಿಗೆಯಿಂದ ಇವರ ಹಣೆಗೆ ಬಾರಿಸಿದಳು. ರಕ್ತ ಕಣ್ಣಿಗಿಳಿಯಿತು. ಇವರು ಕೈ ಅಡ್ಡ ಹಿಡಿಯಲಿಲ್ಲ. ನಾನೂ ತಡೆಯಲಿಲ್ಲ.

"ನನ್ನ ಹತ್ರ ಇದ್ದಿದ್ದು ಇದೊಂದೇ ಕಣೋ ಪಾಪಿ! ನನ್ನ ಮಗನ ಮುಖ ನಂಗೇ ಮರ್ತುಹೋಗಿತ್ತು."