ಕೊಗನೊಳ್ಳಿಯ ಕರಿ ಗಾಗಲ್

ನಮ್ಮ ಕಡೆ ಗಂಡಸು ಕಪ್ಪು ಕನ್ನಡಕ ಹಾಕಿಕೊಳ್ಳಬೇಕಾದರೆ ಮೂರರಲ್ಲಿ ಒಂದು ಕಾರಣ ಇರಲೇಬೇಕು. ಕಣ್ಣಿನ ಪೊರೆ ತೆಗೆಸಿರಬೇಕು, ಇಲ್ಲವೇ ಕಣ್ಣುಬೇನೆ ಬಂದಿರಬೇಕು, ಅದೂ ಇಲ್ಲದಿದ್ದರೆ ಮದುಮಗನಾಗಿ ಕುದುರೆ ಹತ್ತಿ, ಮುಂದೆ ಬ್ಯಾಂಜೊ ಮೇಳದವರನ್ನು ಬಿಟ್ಟುಕೊಂಡು ಊರು ಸುತ್ತುತ್ತಿರಬೇಕು. ಇದ್ಯಾವುದೂ ಇಲ್ಲದೆ ಗಾಗಲ್ ಹಾಕಿದವನನ್ನು ಅಕ್ಕೋಳದ ಜನ ಸುಮ್ಮನೆ ಬಿಡುವುದಿಲ್ಲ. "ಏನ್ರಿ, ಎರಡನೇ ಲಗ್ನಾ ಏನು?" ಎಂದು ಕೇಳಿಯೇ ಮುಂದೆ ಹೋಗುತ್ತಾರೆ.

ಇಂಥ ಊರಿನಲ್ಲಿ ಬಾಳುವ ನನಗೆ, ಐವತ್ತೆರಡನೆಯ ವಯಸ್ಸಿನಲ್ಲಿ, ಮಿರಜದ ಕಣ್ಣಿನ ಡಾಕ್ಟರು ಗಾಗಲ್ ಹಾಕಿಕೊಳ್ಳಲು ಹೇಳಿದರು. ಎಡಗಣ್ಣಿಗೆ ಟಾರ್ಚ್ ಬಿಟ್ಟು ನೋಡಿ, ಮೂಗಿನ ಬದಿಯಿಂದ ಮಾಂಸದ ಪದರೊಂದು ಕರಿಗುಡ್ಡೆಯ ಕಡೆಗೆ ಬೆಳೆಯುತ್ತಿದೆ ಎಂದರು. ಬಿಸಿಲು, ಧೂಳಿನಲ್ಲಿ ದುಡಿಯುವವರಿಗೆ ಇದು ಬರುತ್ತದಂತೆ.

"ಹೊರಗ ಹೋದ್ರ ಛಲೋ ಗಾಗಲ್ ಹಾಕ್ಕೊಳ್ರಿ. ಇಲ್ಲಂದ್ರ ಇದು ಗುಡ್ಡಿ ಮ್ಯಾಲೆ ಏರತೈತಿ. ಆಮ್ಯಾಲೆ ಕೊಯ್ಯೂದ ಒಂದ ದಾರಿ," ಎಂದರು.

ನನ್ನ ಮನೆಯ ಒಲೆ ಉರಿದದ್ದೇ ಈ ಎರಡು ಕಣ್ಣಿನಿಂದ. ನಾನು ತಂಬಾಕು ನೋಡುವವನು. ನಿಪ್ಪಾಣಿಯ ವ್ಯಾಪಾರಿಗಳು ಖರೀದಿಗೆ ಹೊರಟರೆ ನನ್ನನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ. ರಾಶಿಯಿಂದ ಒಂದು ಎಲೆ ಎತ್ತಿ, ಬೆರಳಲ್ಲಿ ತಿಕ್ಕಿ, ಬೆಳಕಿಗೆ ಹಿಡಿದು, ಮೂಸಿ, ಇದು ಇಂಥ ಮಾಲು ಎಂದು ನಾನು ಹೇಳಿದ ಮೇಲೆ ಎರಡನೇ ಮಾತಿಲ್ಲ. ಎಲೆಯ ಮೈ ದಪ್ಪ ಇರಬೇಕು, ಬಣ್ಣ ಕಡುವಾಗಿರಬೇಕು, ಕೈಯಲ್ಲಿ ಹಿಡಿದರೆ ತೂಕ ತಿಳಿಯಬೇಕು. ಮೂವತ್ತು ವರ್ಷ ಇದನ್ನೇ ಮಾಡಿದವನಿಗೆ ಒಂದು ಗಾಗಲ್ ಆರಿಸುವುದು ಯಾವ ದೊಡ್ಡ ಮಾತು?

ಕೊಗನೊಳ್ಳಿಯ ಹತ್ತಿರ ಹೈವೇ ಬದಿಯಲ್ಲಿ ಒಬ್ಬ ಹಲಗೆಗೆ ನೂರಾರು ಗಾಗಲ್ ಸಿಕ್ಕಿಸಿಕೊಂಡು ನಿಂತಿರುತ್ತಿದ್ದ. ನಾನು ಗಾಡಿ ನಿಲ್ಲಿಸಿ, ಕಸುಬಿಗೆ ತಕ್ಕ ಗಾಂಭೀರ್ಯದಿಂದ ಪರೀಕ್ಷೆ ಶುರು ಮಾಡಿದೆ. ಒಂದೊಂದನ್ನೇ ಅಂಗೈಯಲ್ಲಿಟ್ಟು ತೂಗಿದೆ. ಉಗುರಿನಿಂದ ಬಡಿದು ನೋಡಿದೆ. ಕಡ್ಡಿ ಬಗ್ಗಿಸಿದೆ. ಒಂದೆರಡನ್ನು ಮೂಸಿದೆ ಎಂದೂ ಒಪ್ಪಿಕೊಳ್ಳುತ್ತೇನೆ. ಕೊನೆಗೆ ಇದ್ದವುಗಳಲ್ಲೇ ಅತಿ ಕಪ್ಪಾದ, ಅತಿ ದಪ್ಪನಾದ, ಅತಿ ಭಾರವಾದ ಒಂದನ್ನು ಎತ್ತಿ ಸೂರ್ಯನಿಗೆ ಹಿಡಿದೆ. ಸೂರ್ಯ ಮಾಯ! ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಹೇಳಿಟ್ಟಿದ್ದಾರೆ, ಆದರೆ ಕಪ್ಪಗಿರುವುದರ ಬಗ್ಗೆ ಏನನ್ನೂ ಹೇಳಿಟ್ಟಿಲ್ಲ. ಹಾಗಾಗಿ ತಪ್ಪು ಅವರದೂ ಸ್ವಲ್ಪ ಇದೆ.

ಮನೆಗೆ ಬಂದಾಗ ಹೆಂಡತಿ ಅಂಗಳದಲ್ಲಿ ನಮ್ಮ ಹೊಲದ ತಂಬಾಕಿನ ಎಲೆ ಝಾಡಿಸಿ ಧೂಳು ಕೊಡವುತ್ತಿದ್ದಳು. ನನ್ನನ್ನು ನೋಡಿ ನಗು ತಡೆಯಲಾರದೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಕುದುರಿ ಎಲ್ಲಿ ಬಿಟ್ಟ ಬಂದ್ರಿ?" ಎಂದಳು.

"ನಗೂದ ಬಿಡು. ಮೊದಲ ಆ ಕಣ್ಣ ತಿಕ್ಕೂದ ಬಿಡು, ಕೆಂಪ ಆಗ್ಯಾವ," ಎಂದೆ.

"ತಂಬಾಕದ ಧೂಳಿರಿ," ಎಂದು ಅವಳು ಮತ್ತೆ ಕೆಲಸಕ್ಕೆ ಬಗ್ಗಿದಳು. ನಾನು ಕನ್ನಡಿಯ ಮುಂದೆ ಹೋಗಿ ನಿಂತೆ.

ಭಾನುವಾರಗಳಂದು ನಾನು ವೇದಗಂಗೆಯಲ್ಲಿ ಮೀನು ಹಿಡಿಯಲು ಹೋಗುತ್ತೇನೆ. ಹಿಡಿಯಲು ಹೋಗುತ್ತೇನೆ ಎಂದಷ್ಟೇ ಹೇಳಿದೆ, ಹಿಡಿಯುತ್ತೇನೆ ಎಂದಿಲ್ಲ. ಸಿದ್ನಾಳದ ಸೇತುವೆಯ ಪಕ್ಕದ ದಂಡೆಯಲ್ಲಿ ನನ್ನ ಜೊತೆಗೆ ಕೂರುವವರು ಒಬ್ಬ ನಿವೃತ್ತ ಬಸ್ ಡ್ರೈವರು. ಅವರೂ ಗಾಗಲ್ ಹಾಕುತ್ತಾರೆ. ಆದರೆ ಅದೇನು ಗಾಗಲ್ಲೋ! ಹಗುರ, ತೆಳ್ಳಗೆ, ಹಾಲಿಲ್ಲದ ಚಹಾದ ಬಣ್ಣ. ತಂಬಾಕಾಗಿದ್ದರೆ ನಾನು ಅದನ್ನು ಕಾಲಿನಿಂದ ಸರಿಸುತ್ತಿದ್ದೆ.

"ಸಕ್ಕರಿ ಹಾಕಿದ್ರ ಕುಡೀಬಹುದು ನೋಡ್ರಿ," ಎಂದು ಪ್ರತಿ ಭಾನುವಾರ ಕಾಡುತ್ತಿದ್ದೆ.

ಅವರು ಸಿಟ್ಟಾಗುತ್ತಿರಲಿಲ್ಲ. ನಿಪ್ಪಾಣಿ–ಮುಗಳಖೋಡ ಬಸ್ಸನ್ನು ವರ್ಷಗಟ್ಟಲೆ ಓಡಿಸಿದವರಿಗೆ ಸಿಟ್ಟು ಖರ್ಚಾಗಿ ಹೋಗಿರುತ್ತದೆ. "ಮುಂಜಾನಿ ಮುಗಳಖೋಡಕ್ಕ ಹೋಗೂಮುಂದ ಸೂರ್ಯ ಎದುರಿಗಿ, ಸಂಜಿಕ ನಿಪ್ಪಾಣಿಗಿ ಬರೂಮುಂದ ಸೂರ್ಯ ಎದುರಿಗಿ. ನಾ ಗಾಗಲ್ ಚಂದಕ್ಕ ತಗೊಂಡಾವಲ್ರಿ," ಎಂದರು. ಆಮೇಲೆ ಗಾಳ ಕಟ್ಟುತ್ತಲೇ ಪಾಠ ಹೇಳಿದರು. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಒಂದು ಕಿರಣ ಇರುತ್ತದೆ, ಸುಡುವುದು ಅದು. ಅದನ್ನು ಪೂರ್ತಿ ತಡೆಯುವ ಗಾಜು ಇರಬೇಕು. ಬದಿಯಿಂದ ಬೆಳಕು ನುಸುಳದಂತೆ ಮುಖಕ್ಕೆ ಒತ್ತಿ ಕೂರಬೇಕು. ನೀರಿನ ಹೊಳಪು ಸಾಯಬೇಕಾದರೆ ಪೋಲರೈಜ್ಡ್ ಎಂಬ ಗಾಜು ಇರಬೇಕು.

"ಕಪ್ಪಿರೂದು ಬ್ಯಾರೆ, ಕಣ್ಣ ಕಾಯೂದು ಬ್ಯಾರೆರಿ," ಎಂದರು.

ಬಣ್ಣದ ವಿಷಯ ನನಗೆ ಹೇಳುವುದೆ? ನಾನು ಕೇಳಿಸಿಕೊಳ್ಳದವನಂತೆ ನೀರು ನೋಡಿದೆ. ನೋಡಿದೆ ಎಂದರೆ, ನೋಡಿದ ಹಾಗೆ ಕೂತೆ. ಆ ಕರಿ ಗಾಗಲ್‌ನಲ್ಲಿ ನೀರಿನ ಮೇಲೆ ತೇಲುವ ಗಾಳದ ಬೆಂಡು ಕಾಣುತ್ತಿರಲಿಲ್ಲ. ಬೆಂಡು ಮುಳುಗಿತೋ ಇಲ್ಲವೋ ನೋಡಲು ಎರಡು ನಿಮಿಷಕ್ಕೊಮ್ಮೆ ಗಾಗಲ್ ಹಣೆಗೆ ಏರಿಸಬೇಕು. ಹೀಗೆ ಎರಡು ವರ್ಷ ನನ್ನ ಹಣೆಗೆ ಒಂದಿಷ್ಟೂ ಬಿಸಿಲು ತಾಗಲಿಲ್ಲ.

ಒಂದು ಭಾನುವಾರ ಡ್ರೈವರು ಗಾಳದ ದಾರದ ಗಂಟು ಬಿಡಿಸಲು ಓದುವ ಕನ್ನಡಕ ಹಾಕಿಕೊಂಡು, ತಮ್ಮ ಗಾಗಲ್ ನನ್ನ ಕೈಗೆ ಕೊಟ್ಟರು. ಚೇಷ್ಟೆಗೆಂದು ಹಾಕಿಕೊಂಡೆ. ನೀರಿನ ಮೇಲೆ ಹಾಸಿದ್ದ ಬೆಳ್ಳಿ ತಗಡನ್ನು ಯಾರೋ ಎತ್ತಿಕೊಂಡು ಹೋದಂತಾಯಿತು. ಕೆಳಗಿನ ಪಾಚಿಗಟ್ಟಿದ ಕಲ್ಲು ಕಂಡಿತು. ಸೇತುವೆಯ ಕಂಬದ ನೆರಳಿನಲ್ಲಿ ಎರಡು ಕಟ್ಲಾ ಮೀನು, ಒಂದೊಂದೂ ಮೊಳದುದ್ದ, ನನ್ನ ಗಾಳದ ಪಕ್ಕದಲ್ಲೇ ಆರಾಮಾಗಿ ನಿಂತಿದ್ದವು. ಎಷ್ಟೋ ಭಾನುವಾರಗಳಿಂದ ಅಲ್ಲೇ ನಿಂತಿದ್ದವೋ ಏನೋ, ನನ್ನನ್ನು ಕಂಡು ಅವುಗಳಿಗೆ ಗಾಬರಿಯೇ ಇರಲಿಲ್ಲ. ಗಾಗಲ್ ತೆಗೆದೆ, ಬರೀ ಹೊಳಪು. ಹಾಕಿದೆ, ಮೀನು.

"ಹೆಂಗ ಐತಿ?" ಎಂದರು ಡ್ರೈವರು.

"ಐತಿ. ಬಣ್ಣ ಸ್ವಲ್ಪ ತಿಳೀ ಆತು," ಎಂದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದು.

ಮೀಸೆ ಉಳಿಯಿತು, ಕಣ್ಣು ಉಳಿಯುವ ಲಕ್ಷಣ ಕಾಣಲಿಲ್ಲ. ಎಡಗಣ್ಣು ಸಂಜೆಯಾದರೆ ಮೆಣಸಿನಪುಡಿ ಬಿದ್ದಂತೆ ಉರಿಯುತ್ತಿತ್ತು. ಒಂದು ದಿನ ಖರೀದಿಯ ಹೊತ್ತಿನಲ್ಲಿ ಎಲೆ ಹಿಡಿದು ನೋಡಿದೆ, ಅಂಚು ಕದಡಿದಂತೆ ಕಂಡಿತು. ಮಾಲು ಹೇಳಿದೆ. ವ್ಯಾಪಾರಿ ಮೆತ್ತಗೆ, "ಇನ್ನೊಂದ ಸಲ ನೋಡ್ತೀರೇನು?" ಎಂದ. ಮೂವತ್ತು ವರ್ಷದಲ್ಲಿ ಆ ಮಾತನ್ನು ನನಗೆ ಯಾರೂ ಆಡಿರಲಿಲ್ಲ. ಇನ್ನೊಂದು ಸಲ ನೋಡಿದೆ. ಮೊದಲು ಹೇಳಿದ್ದು ತಪ್ಪಾಗಿತ್ತು. ನನಗೆ ನಿಜವಾಗಿ ಭಯವಾಯಿತು. ಆ ದಿನ ಊಟಕ್ಕೆ ಕೂತಾಗ ಹೆಂಡತಿಯ ಮುಂದೆ ಎಲ್ಲ ಹೇಳಿದೆ.

ಮರುದಿನ ಬೆಳಿಗ್ಗೆ ಅವಳು ಸೀರೆ ಬದಲಿಸಿಕೊಂಡು, "ಏಳ್ರಿ, ನಿಪ್ಪಾಣಿಗಿ ಹೋಗೂಣು," ಎಂದು ಕನ್ನಡಕದ ಅಂಗಡಿಗೆ ಹೊರಡಿಸಿದಳು.

ಅಂಗಡಿಯವನು ನನ್ನ ಕರಿ ಗಾಗಲ್ ಇಸಿದುಕೊಂಡು, ಒಂದು ನೋಟು ಮೇಜಿನ ಮೇಲೆ ಹಾಸಿ, ನೇರಳೆ ಬಣ್ಣದ ಸಣ್ಣ ಟಾರ್ಚ್ ಹಚ್ಚಿದ. ನೋಟಿನ ದಾರ ಫಳಫಳ ಹೊಳೆಯಿತು. ಸುಡುವ ಕಿರಣ ಬಿದ್ದರೆ ಅದು ಹಾಗೆ ಹೊಳೆಯುತ್ತದಂತೆ. ನಡುವೆ ನನ್ನ ಗಾಗಲ್ ಹಿಡಿದ. ದಾರ ಹಾಗೇ ಹೊಳೆಯುತ್ತಲೇ ಇತ್ತು. ಆಮೇಲೆ ಚಹಾ ಬಣ್ಣದ ತೆಳ್ಳನೆಯದೊಂದನ್ನು ಹಿಡಿದ. ಹೊಳಪು ಫಟ್ಟನೆ ಆರಿತು.

"ಕರಿ ಗಾಜಿನ ಹಿಂದ ಕತ್ತಲಾದ್ರ ಕಣ್ಣಿನ ಪಾಪೆ ಅಗಲ ಆಗತೈತ್ರಿ. ನಿಮ್ಮ ಗಾಜು ಏನೂ ತಡಿಯೂದಿಲ್ಲ. ಅಂದ್ರ ಬಾಗಲಾ ತಗದ ಕಳ್ಳನ್ನ ಒಳಗ ಕರದಂಗ ಆತು," ಎಂದ.

ಎರಡು ವರ್ಷ ಕಳ್ಳನನ್ನು ಕರೆದು ಮಣೆ ಹಾಕಿ ಕೂರಿಸಿದ್ದೆ. ನನ್ನ ಹಿಂದೆ ನಿಂತಿದ್ದ ಹೆಂಡತಿ ಫಕ್ಕನೆ ನಕ್ಕಳು. ಅಂಗಡಿಯವನು ತಲೆ ಎತ್ತಿ ಅವಳ ಕಡೆ ನೋಡಿದ. ನೋಡುತ್ತಲೇ ಇದ್ದ.

"ಅಕ್ಕಾರ, ಸ್ವಲ್ಪ ಬೆಳಕಿಗಿ ಬರ್ರಿ," ಎಂದ.

ಅವಳು ಬಂದಳು. ಅವನ ಜೊತೆ ನಾನೂ ಬಗ್ಗಿ ನೋಡಿದೆ. ಅವಳ ಎರಡೂ ಕಣ್ಣಿನಲ್ಲಿ, ಮೂಗಿನ ಬದಿಯಿಂದ, ನನ್ನ ಕಣ್ಣಿನಲ್ಲಿದ್ದಂಥದೇ ಪದರು ಬೆಳೆದು ನಿಂತಿತ್ತು. ಟಾರ್ಚ್ ಬೇಕಾಗಿರಲಿಲ್ಲ, ಬರಿಗಣ್ಣಿಗೇ ಕಾಣುತ್ತಿತ್ತು.

"ಎಷ್ಟ ದಿನಾ ಆತ್ರಿ?"

"ನಾಕೈದ ವರ್ಷ ಆಗಿರಬೇಕು," ಎಂದಳು, ಹಾಲು ಒಡೆದ ಸುದ್ದಿ ಹೇಳುವ ದನಿಯಲ್ಲಿ.

ನನಗೆ ಸಿಟ್ಟು ಬಂತು. ನಾಚಿಕೆಯಾದಾಗ ನನಗೆ ಮೊದಲು ಬರುವುದು ಸಿಟ್ಟೇ. "ಹೇಳಬಾರದೇನು ನನ್ನ ಮುಂದ?" ಎಂದೆ.

"ನೋಡೂದ ನಿಮ್ಮ ಕಸಬ ಐತಲ್ರಿ. ಕಂಡಿರತೈತಿ ಅನ್ಕೊಂಡಿದ್ದೆ," ಎಂದಳು.

ಅದರಲ್ಲಿ ಚುಚ್ಚುವ ಉದ್ದೇಶ ಇರಲಿಲ್ಲ. ಅದಕ್ಕೇ ಅದು ಇನ್ನೂ ಚುಚ್ಚುತ್ತಿದೆ. ನಾನು ಬೆಳಕಿಗೆ ಹಿಡಿದು ಹೊಗಳಿದ ನಮ್ಮ ಹೊಲದ ಎಲೆಗಳನ್ನೆಲ್ಲ ಸುಡುಬಿಸಿಲಿನಲ್ಲಿ ಮಗ್ಗುಲು ಬದಲಿಸಿ ಒಣಗಿಸಿದವಳು ಅವಳೇ. ಎಲೆಯ ಮೇಲಿನ ಸಾಸಿವೆಯಷ್ಟು ಕಲೆಯನ್ನು ಹತ್ತು ಮಾರು ದೂರದಿಂದ ಗುರುತಿಸುವ ನಾನು, ದಿನಾ ಎದುರಿಗೆ ಕೂತು ರೊಟ್ಟಿ ಬಡಿಸುವವಳ ಕಣ್ಣನ್ನು ಐದು ವರ್ಷ ನೋಡಿರಲಿಲ್ಲ. ಕೆಂಪಾಗಿದೆ ಎಂದು ಬೈದಿದ್ದೆ, ಅಷ್ಟೇ.

ಚಹಾ ಬಣ್ಣದ ಗಾಗಲ್ ಅವಳ ಮುಖಕ್ಕೆ ಒತ್ತಿ ಕೂತಿತು. ಆ ನಮೂನೆಯದು ಅಂಗಡಿಯಲ್ಲಿ ಅದೊಂದೇ ಇತ್ತು. ಅವಳು ಹಾಕಿದ ತಕ್ಷಣ ಕಿತ್ತು ಮೇಜಿನ ಮೇಲಿಟ್ಟಳು.

"ಬ್ಯಾಡ್ರಿ. ನಿಮಗ ಇರಲಿ. ಹೆಣಮಕ್ಕಳು ಗಾಗಲ್ ಹಾಕ್ಕೊಂಡು ಹೊಲಕ್ಕ ಹೋದ್ರ ಊರ ಮಂದಿ ಏನಂದಾರು?"

"ಎರಡನೇ ಲಗ್ನಾ ಏನು ಅಂತಾರ. ಹೌದು ಅನ್ನು," ಎಂದು ನಾನು ಅದನ್ನು ಮತ್ತೆ ಅವಳ ಮೂಗಿನ ಮೇಲಿಟ್ಟೆ. ಅಂಗಡಿಯವನು ಕನ್ನಡಿ ಒರೆಸುವ ನೆಪದಲ್ಲಿ ಆ ಕಡೆ ತಿರುಗಿದ.

ಮಿರಜಕ್ಕೆ ಇಬ್ಬರೂ ಹೋದೆವು. ಅವಳದು ಗುಡ್ಡೆ ಮುಟ್ಟಿಲ್ಲ, ಗಾಗಲ್ ಬಿಡಬೇಡಿ, ಸಾಕು ಎಂದರು ಡಾಕ್ಟರು. ನನ್ನದನ್ನು ಕೊಯ್ದು ತೆಗೆದರು. ಮನೆಗೆ ಕಳಿಸುವಾಗ ಆಸ್ಪತ್ರೆಯವರು ಒಂದು ಕನ್ನಡಕ ಕೈಗಿಟ್ಟರು. ಕೊಗನೊಳ್ಳಿಯದಕ್ಕಿಂತ ಕಪ್ಪು, ಎರಡೂ ಬದಿಗೆ ರೆಕ್ಕೆ. ಈಗ ಊರಿನಲ್ಲಿ ನನ್ನನ್ನು ಯಾರೂ ಕಾಡುವುದಿಲ್ಲ, ಕಾರಣ ಸರಿಯಾದದ್ದಿದೆ.

ಮೊನ್ನೆ ಅದನ್ನು ಹಾಕಿಕೊಂಡು ಪಡಸಾಲೆಯಲ್ಲಿ ಕೂತಿದ್ದೆ. ಹೆಂಡತಿ ಚಹಾ ಬಣ್ಣದ ಗಾಗಲ್ ಹಾಕಿಕೊಂಡು ಮಾಳಿಗೆಯ ಮೇಲೆ ಮೆಣಸಿನಕಾಯಿ ಹರಡುತ್ತಿದ್ದಳು. ಪಕ್ಕದ ಮನೆಯವಳು ತನ್ನ ಮಾಳಿಗೆಯಿಂದ ಕೂಗಿದಳು.

"ಏನ ಬೇ, ಗಾಗಲ್ ಜೋರ್ ಐತಿ! ಯಾವಾಗ ಕೊಡಿಸಿದ್ರು?"

"ಮದವಿ ಆಗಿ ಇಪ್ಪತ್ತೆಂಟ ವರ್ಷಕ್ಕ ಒಮ್ಮೆ ನನ್ನ ಮಾರಿ ನೋಡಿದ್ರು ಬೇ," ಎಂದಳು ನನ್ನ ಹೆಂಡತಿ. "ಅವತ್ತ ಕೊಡಿಸಿದ್ರು."