ಹಾಲು ಆರುವ ಮೊದಲು

ಹೊರಮಾವಿನಲ್ಲಿ ಇನ್ನೂ ಎಮ್ಮೆಗಳಿದ್ದ ಕಾಲದಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಕೆನೆ ತೆಗೆಯುವ ಮಿಷನ್ ಇಟ್ಟುಕೊಂಡಿದ್ದರು. ಹಿಡಿ ತಿರುಗಿಸುವವರು ಅಕ್ಕ, ಹಾಲು ಸುರಿಯುವವರು ಅವರ ಗಂಡ. ವೇಗ ಸಾಲದಿದ್ದರೆ ಹಿಡಿಯೊಳಗಿನ ಗಂಟೆ ಟಣಗುಡುತ್ತಿತ್ತು. ಅದು ನಿಂತ ಮೇಲೆಯೇ ಹಾಲು ಸುರಿಯಬೇಕು. ಕೆನೆ ಶಿವಾಜಿನಗರದ ಬೇಕರಿಗೆ ಹೋಗುತ್ತಿತ್ತು, ಉಳಿದ ತೆಳು ಹಾಲು ಕರುಗಳಿಗೆ.

"ಹಾಲು ಆರೋಕೆ ಬಿಡ್ಬಾರ್ದು ಕಣಮ್ಮ, ಆರಿದ್ರೆ ಕೆನೆ ಹಾಲಲ್ಲೇ ಉಳ್ಕೊಂಡ್ಬಿಡುತ್ತೆ" ಎಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾ ಅಕ್ಕ ದಿನವೂ ನನಗೆ ಹೇಳುತ್ತಿದ್ದರು.

ಒಂದು ಬೆಳಗ್ಗೆ ಅವರ ಗಂಡ ಹಾಲು ಕರೆದು ತಂದಿಟ್ಟವರು ಅಲ್ಲೇ ಕುಸಿದರು, ಮತ್ತೆ ಏಳಲಿಲ್ಲ. ಹೆಣವನ್ನು ಪಡಸಾಲೆಯಲ್ಲಿ ಮಲಗಿಸಿದ್ದೆವಷ್ಟೆ, ಹಿತ್ತಲಿನಿಂದ ಮಿಷನ್ನಿನ ಗಂಟೆ ಕೇಳಿಸಿತು. ಅಳುತ್ತಿದ್ದವರೆಲ್ಲ ಹಿತ್ತಲ ಕಡೆ ತಿರುಗಿದರು. ನಾನು ಹಿತ್ತಲಿಗೆ ಓಡಿದೆ.

ಅಕ್ಕ ಒಬ್ಬರೇ ಹಿಡಿ ತಿರುಗಿಸುತ್ತಿದ್ದರು. ಕಣ್ಣಲ್ಲಿ ನೀರಿರಲಿಲ್ಲ. ಗಂಟೆ ನಿಂತಿತು.

"ಸುರಿಯಮ್ಮ" ಎಂದರು.

ಹಾಲಿನ ಬಿಂದಿಗೆ ಎತ್ತಿದೆ. ಇನ್ನೂ ಬೆಚ್ಚಗಿತ್ತು. ಸುರಿಯುವಾಗ ಒಂದಿಷ್ಟು ಹಾಲು ನೆಲದ ಪಾಲಾಯಿತು.

ಅಕ್ಕ ತಿರುಗಿಸುವುದನ್ನು ನಿಲ್ಲಿಸಲಿಲ್ಲ. ಚೆಲ್ಲಿದ್ದನ್ನೇ ನೋಡುತ್ತಾ, "ಅವ್ರು ಒಂದು ಹನಿನೂ ಚೆಲ್ತಿರ್ಲಿಲ್ಲ" ಎಂದರು.